ಅಪ್ಪನ ನಿದ್ದೆ

ಆ ಮನೆಯ ನಲ್ಲಿಯ ಬಾಯಿಗೆ ಒಂದು ದಾರ ಕಟ್ಟಿತ್ತು. ದಾರದ ಇನ್ನೊಂದು ತುದಿ ಬಕೆಟ್ಟಿನ ತಳದವರೆಗೆ ಇಳಿಬಿದ್ದಿತ್ತು. ನಲ್ಲಿಯನ್ನು ಎಷ್ಟು ಬಿಗಿದರೂ ಸೋರುತ್ತಿತ್ತು, ಮನೆಯೊಡೆಯ ಇವತ್ತು ಸರಿಮಾಡಿಸುತ್ತೇನೆ, ನಾಳೆ ಸರಿಮಾಡಿಸುತ್ತೇನೆ ಎಂದು ಕಾಲ ತಳ್ಳುತ್ತಿದ್ದ. ಸೋರುವ ನೀರು ಟಪ್ ಟಪ್ ಎಂದು ಬೀಳದೆ ದಾರ ಹಿಡಿದು ಸದ್ದಿಲ್ಲದೆ ಇಳಿಯಲಿ ಎಂದು ಈ ಉಪಾಯ. ಇದನ್ನು ಕಂಡುಹಿಡಿದವಳು ಆ ಮನೆಯ ದೊಡ್ಡ ಮಗಳು, ಹತ್ತು ವರ್ಷದವಳು. ಬೇರೆಲ್ಲಾದರೂ ಹುಟ್ಟಿದ್ದರೆ ಇಷ್ಟು ಬುದ್ಧಿ ಓಡಿಸಿದ ಹುಡುಗಿಯನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ಇಲ್ಲಿ ಅವಳ ಅಮ್ಮ ದಾರವನ್ನು ನೋಡಿ, ಹೌದು ಎನ್ನುವಂತೆ ತಲೆಯಾಡಿಸಿ, ಕೆಲಸಕ್ಕೆ ಹೊರಟಳು.

ಮನೆ ಅಂದರೆ ಒಂದೇ ಕೋಣೆ. ಒಂದು ಗೋಡೆಗೆ ಸ್ಟೋವು ಮತ್ತು ನಲ್ಲಿ, ಎದುರು ಗೋಡೆಗೆ ಅಪ್ಪನ ಹಾಸಿಗೆ. ನಡುವೆ ಉಳಿದ ಜಾಗದಲ್ಲಿ ಊಟ, ಪಾಠ, ಸ್ನಾನ, ಜಗಳ ಎಲ್ಲವೂ ನಡೆಯಬೇಕು. ಕಿಟಕಿಗೆ ಹಳೆಯ ಕಂಬಳಿ ಕಟ್ಟಿ ಹಗಲನ್ನು ಹೊರಗೆ ತಡೆದಿದ್ದರು. ಏಕೆಂದರೆ ಆ ಮನೆಯಲ್ಲಿ ಹಗಲು ಎಂದರೆ ಅಪ್ಪನ ನಿದ್ದೆ.

ಅಪ್ಪ ಬ್ರೆಡ್ ಫ್ಯಾಕ್ಟರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಊರಿನವರು ಬೆಳಗ್ಗೆ ತಿನ್ನುವ ಬ್ರೆಡ್ಡು ರಾತ್ರಿಯೇ ಬೇಯಬೇಕಲ್ಲ. ಸಂಜೆ ಹೋದರೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಮೈತುಂಬ ಬ್ರೆಡ್ಡಿನ ವಾಸನೆ ಹೊತ್ತು ಬರುತ್ತಿದ್ದ, ಬಂದವನೇ ಹಾಸಿಗೆಗೆ ಬೀಳುತ್ತಿದ್ದ. ಹಗಲು ಪಾಳಿಗೆ ಸಂಬಳ ಕಡಿಮೆ, ಎರಡು ಕೋಣೆಯ ಮನೆಗೆ ಬಾಡಿಗೆ ಜಾಸ್ತಿ, ಹೀಗಾಗಿ ಅವನು ರಾತ್ರಿ ದುಡಿದು ಹಗಲು ಮಲಗಬೇಕು, ಮಕ್ಕಳು ಅವನ ತಲೆದಿಂಬಿನ ಪಕ್ಕದಲ್ಲೇ ಬೆಳೆಯಬೇಕು. ಅವನದೋ ಕೋಳಿನಿದ್ದೆ. ಚಮಚ ಬಿದ್ದರೆ ಎದ್ದು ಕೂರುತ್ತಿದ್ದ. ಒಮ್ಮೆ ಎಚ್ಚರವಾದರೆ ಮುಗಿಯಿತು, ಸಂಜೆಯವರೆಗೆ ಸೂರು ನೋಡುತ್ತ ಬಿದ್ದಿರುವುದೇ.

ಈ ನಿದ್ದೆಗೆ ಇಷ್ಟು ಮಹತ್ವ ಬಂದದ್ದು ಚಿಕ್ಕ ಮಗಳು ಕೂಸಾಗಿದ್ದಾಗ. ಅವಳು ಆಗ ಹಗಲೆಲ್ಲ ಅಳುತ್ತಿದ್ದಳು. ಎಂಥ ಗಂಟಲು ಎಂದರೆ, ಕೆಳಗಿನ ಮನೆಯಾಕೆ ಮೇಲೆ ಬಂದು, “ಇದೇನು ಮಗುವೋ ಗಿಲಕಿಯೋ?” ಎಂದು ಕೇಳಿದ್ದಳು. ಅಂದಿನಿಂದ ಗಿಲಕಿ ಎಂಬುದೇ ಅವಳ ಹೆಸರಾಯಿತು. ಅವಳಿಗೆ ಹಲ್ಲು ಬರುತ್ತಿದ್ದ ವಾರದಲ್ಲಿ ಅಪ್ಪ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿಬಿಟ್ಟ. ಕಣ್ಣು ಬಿಡುವಷ್ಟರಲ್ಲಿ ಒಲೆತುಂಬ ಬ್ರೆಡ್ಡು ಕರಿ ಹಿಡಿದಿತ್ತು. ಮೇಸ್ತ್ರಿ ಅದರಲ್ಲಿ ಒಂದನ್ನು ಎತ್ತಿ ಅವನ ಕೈಗೆ ಕೊಟ್ಟು, “ಮನೆಗೆ ತಗೊಂಡ್ಹೋಗು, ನೋಡ್ತಾ ಇರು. ಇನ್ನೊಂದ್ಸಲ ಹೀಗಾದ್ರೆ ಮನೇಲೇ ಹಾಯಾಗಿ ಮಲ್ಕೋಬಹುದು,” ಎಂದ. ಅಪ್ಪ ಹಾಗೆಯೇ ತಂದ. ಅಮ್ಮ ಅದನ್ನು ಎಸೆಯಲಿಲ್ಲ. ಸ್ಟೋವಿನ ಮೇಲಿನ ಹಲಗೆಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು. ಇಟ್ಟಿಗೆಯಂತೆ ಗಟ್ಟಿಯಾದ ಆ ಕರಿ ಬ್ರೆಡ್ಡು ಅಲ್ಲೇ ಉಳಿಯಿತು. ಹುಳುವೂ ಅದರ ತಂಟೆಗೆ ಹೋಗಲಿಲ್ಲ.

ಮಕ್ಕಳು ಎಲ್ಲಾದರೂ ಮರೆತು ದನಿಯೆತ್ತಿದರೆ ಅಮ್ಮ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹಲಗೆಯ ಕಡೆ ಬೆರಳು ತೋರಿಸುತ್ತಿದ್ದಳು. ಗಿಲಕಿಗೆ ಬುದ್ಧಿ ಬಂದ ಮೇಲೆ ಕತೆಯನ್ನೂ ಹೇಳಿದಳು, ಕಿವಿಯಲ್ಲಿ, ಮೆಲ್ಲಗೆ. “ಆಗ ನೀನು ಅತ್ತಿದ್ದೆ ನೋಡು, ಅದಕ್ಕೇ ಅದು ಹಂಗಾಯ್ತು.” ಹೆದರಿಸಬೇಕೆಂದು ಹೇಳಿದ್ದಲ್ಲ. ಬಿಸಿ ಪಾತ್ರೆ ಮುಟ್ಟಬೇಡ ಎಂದು ಹೇಳುವಂತೆ ಹೇಳಿದ್ದು. ಆದರೆ ಮಗು ಕೇಳಿಸಿಕೊಂಡದ್ದನ್ನು ಮನಸ್ಸಿನ ಯಾವ ಮೂಲೆಯಲ್ಲಿ ಇಟ್ಟುಕೊಳ್ಳುತ್ತದೆ ಎಂದು ಯಾವ ತಾಯಿಗೆ ಗೊತ್ತಾಗುತ್ತದೆ?

ಅಮ್ಮ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸು ಹೊದಿಕೆ ಇಸ್ತ್ರಿ ಮಾಡುವವಳು. ಅಲ್ಲಿ ಯಂತ್ರಗಳ ಗದ್ದಲಕ್ಕೆ ಪಕ್ಕದಲ್ಲಿ ನಿಂತವರ ಮಾತೂ ಕೇಳದು. ಹಾಗಾಗಿ ಅಲ್ಲಿನ ಹೆಂಗಸರು ಕೈಯಲ್ಲೇ ಮಾತಾಡುತ್ತಾರೆ. ನೀರು ಬೇಕು, ಹಾಸು ಹರಿದಿದೆ, ಮೇಲ್ವಿಚಾರಕ ಬಂದ, ಇವಳ ಗಂಡ ಮತ್ತೆ ಕುಡಿದನಂತೆ, ಎಲ್ಲಕ್ಕೂ ಒಂದೊಂದು ಸನ್ನೆ. ಅಮ್ಮ ಆ ಭಾಷೆಯನ್ನು ಮನೆಗೂ ತಂದಳು. ಕಿವಿಯ ಹಾಲೆ ಹಿಡಿದರೆ ಅಪ್ಪ ಮಲಗಿದ್ದಾರೆ ಎಂದು. ಅಂಗೈ ಮೇಲೆ ಬೆರಳು ತಟ್ಟಿದರೆ ಹಸಿವು. ಮೂಗು ಸವರಿದರೆ ಕೆಳಗಿನ ಮನೆಯಾಕೆ ಬಂದಳು ಎಂದು. ಹೀಗೆ, ಗದ್ದಲದಿಂದ ಹುಟ್ಟಿದ ಮಾತು ಆ ಮನೆಯಲ್ಲಿ ಮೌನ ಕಾಯಲು ಬಳಕೆಗೆ ಬಂತು.

ಮಕ್ಕಳು ಅಮ್ಮನನ್ನೂ ಮೀರಿಸಿದರು. ಪಾತ್ರೆಯನ್ನು ಮಡಿಸಿದ ಬಟ್ಟೆಯ ಮೇಲೆ ಇಳಿಸುವುದು, ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿದು ತೆರೆಯುವುದು, ಸೀನು ಬಂದರೆ ದಿಂಬಿಗೆ ಮುಖ ಒತ್ತುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಜಗಳವಾದರೆ ಚಿವುಟಿಕೊಳ್ಳುತ್ತಿದ್ದರು, ಚಿವುಟಿಸಿಕೊಂಡವರು ತುಟಿ ಪಿಟಕ್ ಎನ್ನುವಂತಿಲ್ಲ. ನಗು ಬಂದರೆ ಬಾಯಿ ತೆರೆದು, ಹೊಟ್ಟೆ ಹಿಡಿದು, ಭುಜ ಕುಣಿಸಿ ನಗುತ್ತಿದ್ದರು. ನೋಡಿದವರಿಗೆ ಯಾರೋ ದನಿ ಕದ್ದುಕೊಂಡು ಹೋದಂತೆ ಕಾಣುತ್ತಿತ್ತು.

ಕಟ್ಟಡದಲ್ಲೆಲ್ಲ ಅವರಿಗೆ ಒಳ್ಳೆಯ ಹೆಸರು. ಕೆಳಗಿನ ಮನೆಯಾಕೆ ತನ್ನ ಮಕ್ಕಳ ಬೆನ್ನಿಗೆ ಗುದ್ದುತ್ತ, “ಮೇಲ್ಗಡೆ ಮನೆಯವ್ರನ್ನ ನೋಡಿ ಕಲೀರಿ! ಮಕ್ಕಳಂದ್ರೆ ಹಂಗಿರ್ಬೇಕು!” ಎಂದು ಇಡೀ ಮೆಟ್ಟಿಲಿಗೆ ಕೇಳುವಂತೆ ಕೂಗುತ್ತಿದ್ದಳು. ಅಪ್ಪನಿಗೂ ಹೆಮ್ಮೆ. ರಜೆಯ ದಿನ ಎಚ್ಚರವಾಗಿ ಕೂತು ಮಕ್ಕಳನ್ನು ನೋಡುತ್ತ, “ಎಷ್ಟು ಸಾಧು ಅಲ್ವಾ ನಮ್ಮ ಮಕ್ಕಳು,” ಎನ್ನುತ್ತಿದ್ದ. ಆ ದಿನ ಮಾತಾಡಬಹುದು ಎಂದು ಮಕ್ಕಳಿಗೆ ಗೊತ್ತಿತ್ತು. ಆದರೂ ಪಿಸುಮಾತಿಗಿಂತ ಹೆಚ್ಚಿನದು ಬರುತ್ತಿರಲಿಲ್ಲ. ಸುಮ್ಮನಿರುವ ಮಕ್ಕಳನ್ನು ಕಂಡರೆ ದೊಡ್ಡವರಿಗೆ ಯಾಕಿಷ್ಟು ಸಂತೋಷವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸುಮ್ಮನಿರುವ ಯಂತ್ರ ಕಂಡರೆ ಕೆಟ್ಟಿದೆಯೇನೋ ಎಂದು ಬಿಚ್ಚಿ ನೋಡುತ್ತಾರೆ.

ಗಿಲಕಿಗೆ ಆರು ತುಂಬಿತು, ಶಾಲೆಗೆ ಸೇರಿಸಿದರು. ಅಕ್ಕನಿಗೆ ಶಾಲೆಯಲ್ಲಿ ತೊಂದರೆಯಾಗಿರಲಿಲ್ಲ. ಅವಳು ಮಾತು ಕಲಿತದ್ದು ಬ್ರೆಡ್ಡು ಕರಿಯಾಗುವುದಕ್ಕಿಂತ ಮೊದಲು, ದನಿ ಸಣ್ಣದಾದರೂ ಇತ್ತು. ಗಿಲಕಿಯದು ಹಾಗಲ್ಲ. ಟೀಚರು ಓದು ಎಂದರೆ ಎದ್ದು ನಿಂತು, ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಿಟ್ಟು, ತುಟಿ ಆಡಿಸುತ್ತಿದ್ದಳು. ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ, ಒಂದು ಅಕ್ಷರವೂ ಕೇಳುತ್ತಿರಲಿಲ್ಲ.

“ಜೋರಾಗಿ,” ಎಂದರು ಟೀಚರು.

ಗಿಲಕಿ ತುಟಿಯನ್ನು ಇನ್ನೂ ಅಗಲಿಸಿ ಆಡಿಸಿದಳು. ಹುಡುಗರು ಬಿದ್ದು ಬಿದ್ದು ನಕ್ಕರು. ಗಿಲಕಿಯೂ ನಕ್ಕಳು, ಭುಜ ಕುಣಿಸಿ. ಅದನ್ನು ಕಂಡ ಟೀಚರು ಅವಳನ್ನು ಮೇಜಿನ ಬಳಿ ಕರೆದರು. ಪುಸಲಾಯಿಸಿ ನೋಡಿದರು, ಗದರಿಸಿ ನೋಡಿದರು, ಮಿಠಾಯಿ ತೋರಿಸಿ ನೋಡಿದರು. ಗಿಲಕಿ ಮಿಠಾಯಿ ತೆಗೆದುಕೊಂಡು, ಎದೆಯ ಮೇಲೆ ಕೈಯಿಟ್ಟು ಲಾಂಡ್ರಿಯವರ ಸನ್ನೆಯಲ್ಲಿ ಉಪಕಾರವಾಯಿತು ಎಂದಳು. ಸ್ವಲ್ಪ ದಿನದಲ್ಲೇ ಕೊನೆಯ ಬೆಂಚಿನವರೆಲ್ಲ ಆ ಸನ್ನೆಗಳನ್ನು ಕಲಿತುಬಿಟ್ಟರು. ಮೂಗು ಸವರಿದರೆ ಟೀಚರು ಬಂದರು ಎಂದರ್ಥವಾಯಿತು. ಇಷ್ಟು ದಿನ ಸಂತೆಯಂತಿದ್ದ ತರಗತಿ ತಣ್ಣಗಾಯಿತು. ಮಕ್ಕಳೆಲ್ಲ ತನ್ನ ವಿರುದ್ಧ ಒಳಗೊಳಗೇ ಏನೋ ಹೂಡಿದ್ದಾರೆ ಎಂದು ಟೀಚರಿಗೆ ಅನುಮಾನ ಹತ್ತಿತು, ವಿಷಯ ಹೆಡ್‌ಮಿಸ್ ಕಿವಿಗೆ ಬಿತ್ತು.

ಹೆಡ್‌ಮಿಸ್ ಅಮ್ಮನನ್ನು ಕರೆಸಿದರು. ಅಮ್ಮ ಲಾಂಡ್ರಿಯಲ್ಲಿ ಕೈಕಾಲು ಹಿಡಿದು ಅರ್ಧ ದಿನ ರಜೆ ಪಡೆದು ಬಂದಳು.

“ನಿಮ್ಮ ಮಗಳು ಮಾತಾಡೋದಿಲ್ಲ,” ಎಂದರು ಹೆಡ್‌ಮಿಸ್.

ಅಮ್ಮ ಏನೋ ಅಂದಳು.

“ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ.”

“ಮನೇಲಿ ಮಾತಾಡ್ತಾಳೆ,” ಎಂದಳು ಅಮ್ಮ. ಹೆಡ್‌ಮಿಸ್ ಮೇಜಿನ ಮೇಲೆ ಅರ್ಧ ಬಾಗಿದರೂ ಅಷ್ಟೇ ಕೇಳಿತು.

“ಮನೇಲಿ ಹೇಗೆ ಮಾತಾಡ್ತಾಳೆ?”

“ನಾವೆಲ್ಲ ಹೇಗೆ ಮಾತಾಡ್ತೀವೋ ಹಾಗೇ.”

ಹೆಡ್‌ಮಿಸ್ ಕನ್ನಡಕ ತೆಗೆದು ಅಮ್ಮನನ್ನು ನೋಡಿದರು. ಇದು ಮನೆತನದಲ್ಲೇ ಬಂದ ಕಾಯಿಲೆ ಎಂದು ಅವರಿಗೆ ಆ ಕ್ಷಣದಲ್ಲಿ ಖಾತ್ರಿಯಾಯಿತು. ಅಮ್ಮನಿಗಾದರೋ ಹೇಳುವುದು ಬಹಳ ಇತ್ತು. ಒಂದೇ ಕೋಣೆ, ಹಗಲು ಮಲಗುವ ಗಂಡ, ಕಿಟಕಿಗೆ ಕಟ್ಟಿದ ಕಂಬಳಿ. ಆದರೆ ಅಷ್ಟು ದೊಡ್ಡ ಮೇಜಿನ ಮುಂದೆ ಅದನ್ನೆಲ್ಲ ಹರಡಲು ಅವಳಿಗೆ ನಾಚಿಕೆಯಾಯಿತು. ಶುಕ್ರವಾರ ಕಿವಿ-ಗಂಟಲಿನ ಡಾಕ್ಟರು ಬರುತ್ತಾರೆ, ಅವರ ಎದುರೂ ಮಗು ದನಿ ತೆಗೆಯದಿದ್ದರೆ ಮಾತು ಬಾರದ ಮಕ್ಕಳ ಶಾಲೆಗೆ ಕಳಿಸಬೇಕಾಗುತ್ತದೆ ಎಂದು ಹೆಡ್‌ಮಿಸ್ ಹೇಳಿದ್ದನ್ನು ಕೇಳಿಕೊಂಡು ಎದ್ದಳು.

ಆ ಶಾಲೆ ಊರಿನ ಇನ್ನೊಂದು ತುದಿಯಲ್ಲಿತ್ತು. ಒಂದು ಬಸ್ಸು ಇಳಿದು ಇನ್ನೊಂದು ಹತ್ತಬೇಕು. ಬೆಳಗ್ಗೆ ಬಿಡಬೇಕು, ಮಧ್ಯಾಹ್ನ ಕರೆತರಬೇಕು. ಅಂದರೆ ಅಮ್ಮ ಲಾಂಡ್ರಿ ಬಿಡಬೇಕು, ಇಲ್ಲವೇ ಅಪ್ಪ ನಿದ್ದೆ ಬಿಡಬೇಕು. ಎರಡರಲ್ಲಿ ಯಾವುದು ಬಿಟ್ಟರೂ ಮನೆ ನಡೆಯುವುದಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿ, ಅಮ್ಮ ಬಡವರ ಮನೆಗಳಲ್ಲಿ ಮಾಡುವ ಏರ್ಪಾಟನ್ನೇ ಮಾಡಿದಳು. ದೊಡ್ಡ ಮಗಳಿಗೆ ಒಪ್ಪಿಸಿದಳು.

“ಶುಕ್ರವಾರದೊಳಗೆ ಇವಳ ಬಾಯಿ ಬಿಡ್ಸು,” ಎಂದು ಪಿಸುಗುಟ್ಟಿದಳು. “ಅಪ್ಪಂಗೆ ಹೇಳ್ಬೇಡ. ಚಿಂತೆ ಹತ್ತಿದ್ರೆ ಅವರಿಗೆ ನಿದ್ದೆ ಬರಲ್ಲ.”

ಅಕ್ಕ ಶಾಲೆ ಬಿಟ್ಟೊಡನೆ ತಂಗಿಯನ್ನು ರೈಲು ಸೇತುವೆಯ ಕೆಳಗೆ ಎಳೆದುಕೊಂಡು ಹೋದಳು. “ಆ ಅನ್ನು,” ಎಂದಳು. ಗಿಲಕಿ ಬಾಯಿ ತೆರೆದಳು, ಗಾಳಿ ಬಂತು. “ಹಿಂಗಲ್ಲ ಕಣೇ, ಹಿಂಗೆ,” ಎಂದು ಕೂಗಿ ತೋರಿಸಲು ಹೋದ ಅಕ್ಕನ ಗಂಟಲಿನಿಂದಲೂ ಬೆಕ್ಕಿನ ಮರಿ ಅತ್ತಂಥ ಸದ್ದು ಬಂತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಮೇಲೆ ರೈಲು ಬಂತು. ಸೇತುವೆ ಗಡಗಡ ನಡುಗಿತು, ಗಿಲಕಿಯ ಬಾಯಿ ಇಷ್ಟಗಲವಾಯಿತು, ಕತ್ತಿನ ನರ ಉಬ್ಬಿತು. ಅವಳು ಕೂಗುತ್ತಿದ್ದಳು, ಅದು ಖಂಡಿತ. ರೈಲು ದಾಟುತ್ತಿದ್ದಂತೆ ಬಾಯಿ ಮುಚ್ಚಿದಳು. ಮರುದಿನವೂ ಅದೇ ಆಯಿತು. ಯಾರಿಗೂ ಕೇಳದ ಕಡೆ ಮಾತ್ರ ಅವಳು ಕೂಗಬಲ್ಲಳು, ಅದನ್ನು ಪರೀಕ್ಷೆಯಲ್ಲಿ ಡಾಕ್ಟರಿಗೆ ತೋರಿಸುವುದು ಹೇಗೆ ಎಂದು ಅಕ್ಕನಿಗೆ ತಿಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಮನೆಗೆ ಬಂದಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅಕ್ಕ ಸ್ಟೋವಿನ ಮೇಲೆ ಸೂಪು ಬಿಸಿಗಿಟ್ಟು, ಕುದಿ ಬಂದ ಮೇಲೆ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಇಳಿಸಲು ತಿರುಗಿದಳು. ಕೆಳಗೆ ಮಡಿಸಿದ ಬಟ್ಟೆ ಹಾಸಲು ಗಿಲಕಿ ಬಗ್ಗಿದಳು. ಆ ಮನೆಯಲ್ಲಿ ಮಾತ್ರ ನಡೆಯಬಹುದಾದ ಅನಾಹುತ ಅದು. ಪಾತ್ರೆಯನ್ನು ನೇರವಾಗಿ ನೆಲಕ್ಕೆ ಕುಕ್ಕುವ ಮನೆಯಾಗಿದ್ದರೆ ಮಗುವಿನ ಕಾಲು ಅಲ್ಲಿ ಇರುತ್ತಲೇ ಇರಲಿಲ್ಲ. ಅಕ್ಕನ ಮೊಣಕೈ ಗಿಲಕಿಯ ತಲೆಗೆ ತಾಗಿ, ಪಾತ್ರೆ ವಾಲಿ, ಕುದಿಯುವ ಸೂಪು ಗಿಲಕಿಯ ಪಾದದ ಮೇಲೆ ಸುರಿಯಿತು.

ಪಾತ್ರೆ ಕೆಳಗೆ ಬೀಳಲಿಲ್ಲ. ಹಿಡಿದ ಬಟ್ಟೆ ಜಾರಿದರೂ ಅಕ್ಕ ಅದನ್ನು ಬರಿಗೈಯಲ್ಲಿ ಅವುಚಿ ಹಿಡಿದಿದ್ದಳು. ಗಿಲಕಿಯ ಬಾಯಿ ರೈಲು ಬಂದಾಗ ತೆರೆದಷ್ಟೇ ಅಗಲ ತೆರೆಯಿತು. ಸದ್ದು ಬರಲಿಲ್ಲ. ಅವಳು ಟವೆಲಿನ ಚುಂಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ಅಕ್ಕ ಪಾತ್ರೆಯನ್ನು ಬಟ್ಟೆಯ ಮೇಲೆ ಇಳಿಸಿ, ತಂಗಿಯನ್ನು ಎತ್ತಿ, ಕಾಲನ್ನು ನಲ್ಲಿಯ ಕೆಳಗಿನ ಬಕೆಟ್ಟಿಗೆ ಇಟ್ಟಳು, ನೀರು ಚೆಲ್ಲಿದ ಸದ್ದಾಗದಂತೆ ನಿಧಾನಕ್ಕೆ. ಆಮೇಲೆ ನೆಲ ಒರೆಸಿದಳು. ಗಿಲಕಿ ಬಕೆಟ್ಟಿನಲ್ಲಿ ಕಾಲಿಟ್ಟು ನಿಂತೇ ಇದ್ದಳು, ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಮೈ ಗಡಗಡ ನಡುಗುತ್ತಿತ್ತು. ಎರಡು ಹೆಜ್ಜೆ ಆಚೆ ಅಪ್ಪ ಉಸಿರಾಡುವುದು ಕೇಳುತ್ತಿತ್ತು. ಅವನು ಮಗ್ಗುಲು ಕೂಡ ಬದಲಾಯಿಸಲಿಲ್ಲ.

ಅಪ್ಪ ಎದ್ದದ್ದು ಸಂಜೆ. ಆಕಳಿಸಿ, ಕಂಬಳಿ ಸರಿಸಿ, ಬೆಳಕಿಗೆ ಕಣ್ಣು ಹೊಂದಿಸಿಕೊಂಡು, “ಏನೇ ಇದು, ಬಕೆಟ್ಟಲ್ಲಿ ನಿಂತ್ಕೊಂಡು ಆಟ?” ಎಂದ. ಗಿಲಕಿ ಅವನನ್ನು ನೋಡಿ ನಗಲು ನೋಡಿದಳು. ಅವನು ಹತ್ತಿರ ಬಂದು ಅವಳ ಕಾಲನ್ನು ನೀರಿನಿಂದ ಮೇಲೆತ್ತಿದ.

ಸುಟ್ಟ ಗಾಯದ ವಿಷಯದಲ್ಲಿ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಎರಡೂ ಮುಂಗೈ ತುಂಬ ಒಲೆಯ ತಟ್ಟೆ ತಾಗಿದ ಕಂದು ಗೆರೆಗಳಿದ್ದವು. ಇಂಥ ಬೊಬ್ಬೆ ಏಳಬೇಕಾದರೆ ಎಷ್ಟು ಬಿಸಿ ಬೀಳಬೇಕು, ಬಿದ್ದು ಎಷ್ಟು ಹೊತ್ತಾಗಿರಬೇಕು ಎಂದು ನೋಡಿದ ಕೂಡಲೇ ತಿಳಿಯಿತು. ಇನ್ನೊಂದೂ ತಿಳಿಯಿತು. ಇದರ ಅರ್ಧದಷ್ಟು ಸುಟ್ಟರೆ ಫ್ಯಾಕ್ಟರಿಯಲ್ಲಿ ಮೀಸೆ ಹೊತ್ತ ಗಂಡಸರು ಬೀದಿಗೆ ಕೇಳುವಂತೆ ಅರಚುತ್ತಾರೆ. ಅವನೂ ಅರಚಿದ್ದ.

“ಯಾವಾಗಾಯ್ತು?”

ಅಕ್ಕ ಕಿವಿಯ ಹಾಲೆ ಹಿಡಿದಳು. ಅವನಿಗೆ ಆ ಸನ್ನೆ ಗೊತ್ತಿರಲಿಲ್ಲ. ಯಾವಾಗಲೂ ಅವನು ಮಲಗಿದ್ದಾಗ ಮಾತ್ರ ಮಾಡುವ ಸನ್ನೆ ಅವನಿಗೆ ಗೊತ್ತಾಗುವುದಾದರೂ ಹೇಗೆ? “ನೀವು ಮಲ್ಗಿದ್ರಿ,” ಎಂದು ಪಿಸುಗುಟ್ಟಿದಳು.

“ಕೂಗಬಾರದಿತ್ತಾ? ಯಾಕೆ ಕೂಗ್ಲಿಲ್ಲ ಪುಟ್ಟಾ?”

ಗಿಲಕಿ ಅವನನ್ನು ವಿಚಿತ್ರವಾಗಿ ನೋಡಿದಳು. ಇಷ್ಟು ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. ಆಮೇಲೆ ಕೈಯೆತ್ತಿ ಹಲಗೆಯ ಮೇಲಿನ ಕರಿ ಬ್ರೆಡ್ಡನ್ನು ತೋರಿಸಿದಳು. ತೋರಿಸಿದ ಬೆರಳನ್ನು ತಿರುಗಿಸಿ ತನ್ನ ಎದೆಗೆ ಮುಟ್ಟಿಸಿಕೊಂಡಳು.

ಅಪ್ಪನಿಗೆ ಈ ಸನ್ನೆ ಅರ್ಥವಾಯಿತು. ಅವನು ಅಲ್ಲೇ ಒದ್ದೆ ನೆಲದಲ್ಲಿ ಕೂತುಬಿಟ್ಟ. ಅಷ್ಟು ಸಂಕಟ ಅವನಿಗೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ.

ಅವಳನ್ನು ಎತ್ತಿಕೊಂಡು ಮೂಲೆಯ ದವಾಖಾನೆಗೆ ಓಡಿದ. ನರ್ಸು ಗಾಯ ತೊಳೆದು ಕಟ್ಟು ಕಟ್ಟುವವರೆಗೂ ಗಿಲಕಿ ಉಸಿರೆತ್ತಲಿಲ್ಲ. “ಎಂಥ ಧೈರ್ಯದ ಮಗು ರೀ ನಿಮ್ದು,” ಎಂದು ನರ್ಸು ಬೆನ್ನು ತಟ್ಟಿದಳು. ಅಪ್ಪನಿಗೆ ಆ ನರ್ಸಿನ ಕೆನ್ನೆಗೆ ಬಾರಿಸಬೇಕೆನಿಸಿತು. ಅವಳದೇನೂ ತಪ್ಪಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಬಂದಿದ್ದಳು. ಅವನು ಪಾಳಿಗೆ ಹೊರಡಲು ಬೂಟು ಕಟ್ಟುತ್ತಿದ್ದಾಗ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದುಕೊಂಡು, ಶಾಲೆಯದು, ಡಾಕ್ಟರದು, ದೂರದ ಶಾಲೆಯದು ಎಲ್ಲವನ್ನೂ ಪಿಸುಪಿಸು ಹೇಳತೊಡಗಿದಳು.

“ಜೋರಾಗಿ ಹೇಳೇ,” ಎಂದ ಅಪ್ಪ. “ನಾನು ಎದ್ದಿದೀನಿ.”

ಅಮ್ಮ ಜೋರಾಗಿ ಹೇಳಲು ಹೋದಳು. ಗಂಟಲು ಒಡೆಯಿತು. ಉಳಿದದ್ದನ್ನು ಅಳುತ್ತ ಹೇಳಿದಳು, ಕೊನೆಗೆ, “ನಂಗೆ ನಾಳೆ ಮತ್ತೆ ರಜ ಕೊಡಲ್ಲ,” ಎಂದಳು.

“ನಾನು ಹೋಗ್ತೀನಿ.”

“ನಿದ್ದೆ?”

ಅವನು ಬೂಟಿನ ಲಾಡಿ ಬಿಗಿದು ಕೆಲಸಕ್ಕೆ ಹೋದ.

ಬೆಳಗ್ಗೆ ಬಂದವನು ಹಾಸಿಗೆಯ ಕಡೆ ತಿರುಗಿ ನೋಡಲಿಲ್ಲ. ಅಕ್ಕ ಕಿವಿಯ ಹಾಲೆ ಹಿಡಿದು ಹಾಸಿಗೆ ತೋರಿಸಿದಳು. ಅವನು ಬೇಡವೆಂದು ತಲೆಯಾಡಿಸಿ, ಮುಖಕ್ಕೆ ತಣ್ಣೀರು ಎರಚಿಕೊಂಡ. ಹಲಗೆಯ ಮೇಲಿನ ಕರಿ ಬ್ರೆಡ್ಡನ್ನು ತೆಗೆದು ಜೇಬಿಗೆ ತುರುಕಿಕೊಂಡ, ಗಿಲಕಿಯನ್ನು ಹೆಗಲ ಮೇಲೆ ಕೂರಿಸಿಕೊಂಡ. ಕೆಳಗೆ ಬಂದು, ಕಟ್ಟಡದ ಕಬ್ಬಿಣದ ಕಸದ ತೊಟ್ಟಿಗೆ ಆ ಬ್ರೆಡ್ಡನ್ನು ಬೀಸಿ ಎಸೆದ. ಠಣ್ ಎಂದು ಇಡೀ ಅಂಗಳಕ್ಕೆ ಕೇಳಿತು. ಗಿಲಕಿ ಬೆಚ್ಚಿಬಿದ್ದು, ಯಾರಾದರೂ ಎದ್ದರೇನೋ ಎಂದು ಕಿಟಕಿಗಳನ್ನೆಲ್ಲ ಒಂದೊಂದಾಗಿ ನೋಡಿದಳು.

ಹೆಡ್‌ಮಿಸ್ ಕೋಣೆ ಬೆಚ್ಚಗಿತ್ತು. ಗಾಜಿನ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಅಪ್ಪನಿಗೆ ಮೆತ್ತನೆಯ ಕುರ್ಚಿ ಕೊಟ್ಟರು, ಅಷ್ಟು ಮೆತ್ತಗಿನದರ ಮೇಲೆ ಅವನು ಕೂತು ವರ್ಷಗಳಾಗಿದ್ದವು. ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಗಿಲಕಿಯನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿ, ಅವಳ ಬೆನ್ನ ಹಿಂದೆ ಗಂಟೆ ಅಲ್ಲಾಡಿಸಿದರು. ತಿರುಗಿ ನೋಡಿದಳು. ಕಿವಿ ಸರಿಯಿತ್ತು. ಬಾಯಿ ತೆರೆಸಿ ಟಾರ್ಚು ಬಿಟ್ಟರು. ಗಂಟಲೂ ಸರಿಯಿತ್ತು.

“ಹೆಸರೇನಮ್ಮ?”

ತುಟಿ ಆಡಿತು.

“ಗಾಳಿ ಬರ್ತಿದೆ, ದನಿ ಬರ್ತಿಲ್ಲ,” ಎಂದರು ಡಾಕ್ಟರು. “ಒಂದ್ಸಲ ದನಿ ಕೇಳಿದ್ರೆ ಸಾಕು ನಂಗೆ. ಆ ಅನ್ನಮ್ಮ. ಆ...”

ಗಿಲಕಿ ಬಾಯಿ ತೆರೆದು, ಬಾಗಿಲ ಕಡೆ ನೋಡಿದಳು. ರೈಲೇನಾದರೂ ಬರಬಹುದೇ ಎಂದು ಕಾದಳೋ ಏನೋ. ಅಲ್ಲಿ ರೈಲು ಇರಲಿಲ್ಲ. ಡಾಕ್ಟರು ಮತ್ತೆ ಕೇಳಿದರು, ಮತ್ತೆ ಕೇಳಿದರು, ಆಮೇಲೆ ನಿಟ್ಟುಸಿರು ಬಿಟ್ಟು ಹೆಡ್‌ಮಿಸ್ ಮುಖ ನೋಡಿದರು. ಹೆಡ್‌ಮಿಸ್ ನಾನು ಮೊದಲೇ ಹೇಳಿರಲಿಲ್ಲವೇ ಎನ್ನುವಂತೆ ತಲೆ ತೂಗಿ, ಅಪ್ಪನ ಕಡೆ ತಿರುಗಿದರು. “ನೋಡಿ, ಆ ಶಾಲೆಗೇ ಸೇರಿಸ್ಬೇಕಾಗತ್ತೆ. ನೀವೇನಂತೀರಿ?”

ಅಪ್ಪನ ಗಲ್ಲ ಎದೆಗೆ ತಾಗಿತ್ತು. ರಾತ್ರಿಯಿಡೀ ಒಲೆಯ ಮುಂದೆ ನಿಂತವನಿಗೆ ಬಿಸಿಲು, ಮೆತ್ತನೆಯ ಕುರ್ಚಿ, ಡಾಕ್ಟರ ನಿಧಾನದ ದನಿ, ಎಲ್ಲ ಸೇರಿ ಜೋಂಪು ಹತ್ತಿತ್ತು. ಸಣ್ಣಗೆ ಗೊರಕೆಯೂ ಬಂತು.

ಹೆಡ್‌ಮಿಸ್‌ಗೆ ಮೈಯೆಲ್ಲ ಉರಿಯಿತು. ಮಗಳ ಬಾಳಿನ ಪ್ರಶ್ನೆ, ಈ ಮಹಾಶಯ ಗೊರಕೆ ಹೊಡೆಯುತ್ತಿದ್ದಾನೆ. ಮರದ ಅಳತೆಕೋಲು ಎತ್ತಿ ಮೇಜಿಗೆ ಬಡಿದರು. “ರೀ! ಏಳ್ರಿ!”

ಗಿಲಕಿ ಸ್ಟೂಲಿನಿಂದ ಇಳಿದಳು. ಕಟ್ಟು ಕಟ್ಟಿದ ಕಾಲನ್ನು ಎತ್ತಿಕೊಂಡು ಕುಂಟುತ್ತ ಹೋಗಿ ಮೇಜಿಗೂ ಅಪ್ಪನ ಕುರ್ಚಿಗೂ ನಡುವೆ ನಿಂತಳು. ಹೆಡ್‌ಮಿಸ್ ಕಣ್ಣಲ್ಲಿ ಕಣ್ಣಿಟ್ಟು ತನ್ನ ಕಿವಿಯ ಹಾಲೆ ಹಿಡಿದಳು. ಹೆಡ್‌ಮಿಸ್‌ಗೆ ಅರ್ಥವಾಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು. ಅದನ್ನು ಅವರು ನೋಡಲಿಲ್ಲ, ಅಳತೆಕೋಲು ಮತ್ತೆ ಮೇಲೇರಿತ್ತು. “ಇದೇನು ಮಲ್ಗೋ ಜಾಗಾನಾ? ಏಳ್ರಿ ಮೇಲೆ!” ಎಂದು ಇನ್ನೂ ಜೋರಾಗಿ ಬಡಿದರು.

“ಸುಮ್ನಿರಿ!”

ಆ ದನಿ ಒರಟಾಗಿತ್ತು, ಬಹಳ ದೊಡ್ಡದಾಗಿತ್ತು. ಬಳಸದೆ ಇಟ್ಟಿದ್ದರಿಂದ ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಳತೆಯೇ ಅದಕ್ಕೆ ಗೊತ್ತಿರಲಿಲ್ಲ. ಪಕ್ಕದ ತರಗತಿಯಲ್ಲಿ ಒಪ್ಪಿಸುತ್ತಿದ್ದ ಮಗ್ಗಿ ಅರ್ಧಕ್ಕೆ ನಿಂತಿತು.

“ಸುಮ್ನಿರಿ! ನಮ್ಮಪ್ಪ ಮಲ್ಗಿದಾರೆ!”

ಡಾಕ್ಟರು ಕೈಯಲ್ಲಿದ್ದ ಗಂಟೆಯ ನಾಲಿಗೆಯನ್ನು ಬೆರಳಿಂದ ಹಿಡಿದು, ಸದ್ದಾಗದಂತೆ ಮೇಜಿನ ಮೇಲಿಟ್ಟರು. ಹೆಡ್‌ಮಿಸ್ ಎತ್ತಿದ ಕೈ ಎತ್ತಿದಂತೆಯೇ ಇತ್ತು.

ಗಿಲಕಿಗೆ ತಾನು ಮಾಡಿದ್ದು ಆಗ ತಿಳಿಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುಖ ಸುಣ್ಣದಂತೆ ಬೆಳ್ಳಗಾಯಿತು. ಮೆಲ್ಲಗೆ, ಬಹಳ ಮೆಲ್ಲಗೆ, ಅಪ್ಪನ ಕಡೆ ತಿರುಗಿದಳು.

ಅಪ್ಪನಿಗೆ ಅಳತೆಕೋಲಿನ ಮೊದಲ ಪೆಟ್ಟಿಗೇ ಎಚ್ಚರವಾಗಿತ್ತು. ಚಮಚ ಬಿದ್ದರೆ ಏಳುವವನು ಅವನು. ನಾಚಿಕೆಯಿಂದ ಧಡಕ್ಕನೆ ಏಳಬೇಕೆಂದಿದ್ದಾಗಲೇ ತನ್ನ ಮೊಣಕಾಲಿಗೆ ಮಗುವಿನ ಬೆನ್ನು ತಾಗಿತ್ತು, ಆಮೇಲೆ ಆ ದನಿ ಕೇಳಿತ್ತು. ಹಲ್ಲು ಬರುವಾಗ ಅತ್ತದ್ದೇ ಕೊನೆ, ಅವಳ ದನಿ ಅವನು ಮತ್ತೆ ಕೇಳಿರಲಿಲ್ಲ. ಕಣ್ಣು ಬಿಟ್ಟು ಅವಳನ್ನು ಬಾಚಿ ತಬ್ಬಿಕೊಳ್ಳಬೇಕೆಂದು ಜೀವ ಹಾತೊರೆಯಿತು. ಅವನು ಕಣ್ಣು ಬಿಡಲಿಲ್ಲ. ಎಚ್ಚರವಾಯಿತೆಂದು ಗೊತ್ತಾದರೆ ಆ ಬಾಯಿ ಮತ್ತೆ ಮುಚ್ಚಿಹೋಗುತ್ತದೆ. ಗಲ್ಲವನ್ನು ಎದೆಗೆ ಇನ್ನೂ ಒತ್ತಿ, ನಿಂತಿದ್ದ ಗೊರಕೆಯನ್ನು ಮತ್ತೆ ಶುರುಮಾಡಿದ.

ಗಿಲಕಿ ಬಗ್ಗಿ ಅವನ ಮುಖವನ್ನು ಹತ್ತಿರದಿಂದ ನೋಡಿದಳು. ಅವಳ ಉಸಿರು ಅವನ ಮೂಗಿಗೆ ತಾಗಿತು. ಎದ್ದಿಲ್ಲ. ಬಾಯಿಂದ ಕೈ ತೆಗೆದಳು.

“ಯಾಕಮ್ಮ ಮಲ್ಗಿದಾರೆ ನಿಮ್ಮಪ್ಪ?” ಎಂದು ಡಾಕ್ಟರು ಪಿಸುದನಿಯಲ್ಲಿ ಕೇಳಿದರು.

“ರಾತ್ರಿ ಕೆಲ್ಸ ಇದೆ ಅವ್ರಿಗೆ,” ಎಂದಳು ಗಿಲಕಿ, ಅದೇ ಅಳತೆಯಿಲ್ಲದ ದನಿಯಲ್ಲಿ. “ನಿದ್ದೆ ಇಲ್ದಿದ್ರೆ ಬ್ರೆಡ್ಡೆಲ್ಲ ಕರಿಯಾಗತ್ತೆ. ಆಗ ಕೆಲ್ಸದಿಂದ ತೆಗೀತಾರೆ.”

“ಹೌದಾ,” ಎಂದು ಹೆಡ್‌ಮಿಸ್ ಕೂಡ ಪಿಸುಗುಟ್ಟಿದರು. ಅಳತೆಕೋಲನ್ನು ಮೆಲ್ಲಗೆ ಕೆಳಗಿಟ್ಟರು.

ಕೇಳಿದ್ದಕ್ಕೂ ಕೇಳದ್ದಕ್ಕೂ ಗಿಲಕಿ ಉತ್ತರ ಕೊಡತೊಡಗಿದಳು. ನಲ್ಲಿಗೆ ಕಟ್ಟಿದ ದಾರ, ಕಿಟಕಿಯ ಕಂಬಳಿ, ನಿನ್ನೆಯ ಸೂಪು, ಅಕ್ಕನ ಸುಟ್ಟ ಅಂಗೈ, ಎಲ್ಲ ಹೊರಗೆ ಬಂತು. ಅಕ್ಕನ ಅಂಗೈಯನ್ನು ಅಪ್ಪ ನೋಡಿರಲೇ ಇಲ್ಲ. ಪಕ್ಕದ ತರಗತಿಯವರೆಲ್ಲ ಕೇಳಿಸಿಕೊಂಡರು. ಸಂಜೆ ಅವನು ಮತ್ತೆ ಒಲೆಯ ಮುಂದೆ ನಿಲ್ಲಬೇಕಿತ್ತು, ಕಣ್ಣಿಗೆ ನಿದ್ದೆ ಬೇಕೇ ಬೇಕಿತ್ತು. ಆದರೂ ಅವನು ಮಲಗಲಿಲ್ಲ. ಎಚ್ಚರವಿರುವುದು ಮಗಳಿಗೆ ಗೊತ್ತಾಗದಂತೆ ಗೊರಕೆಯನ್ನು ಹದವಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಅವಳು ಹೇಳುವುದನ್ನು ಕೇಳುತ್ತ ಕೂತ.